ಡ್ರ್ಯಾಗನ್ ಇದ್ದೂ ಬೋರ್ ಹೊಡೀತು, ಮುಂದಿನ ಭಾಗ ಓದ್ಬೇಕಾ?

ಪ್ರಶ್ನೆ: ಮೇಡಂ, ನಾನು ಪಿಯುಸಿ ಓದ್ತಿದೀನಿ. ಫ್ರೆಂಡ್ಸೆಲ್ಲಾ ಹೊಗಳಿದ್ರು ಅಂತ ಕ್ರಿಸ್ಟೋಫರ್ ಪಾವೊಲಿನಿಯ ‘ಎರಗಾನ್’ ಅನ್ನೋ ಫ್ಯಾಂಟಸಿ ಕಾದಂಬರಿ ಸೀರೀಸಿನ ನಾಲ್ಕೂ ಭಾಗ ಒಟ್ಟಿಗೇ ತರಿಸ್ಬಿಟ್ಟೆ. ಮೊದಲನೇದನ್ನ ಎಳ್ಕೊಂಡು ಎಳ್ಕೊಂಡು ಮುಗಿಸ್ದೆ. ನನ್ನ ಟೇಸ್ಟೇ ಸರಿ ಇಲ್ವಾ? ದುಡ್ಡು ಕೊಟ್ಟಿದೀನಿ ಅಂತ ಉಳಿದ ಮೂರೂ ಓದ್ಬೇಕಾ?

ಉತ್ತರ: ನಿಮ್ಮ ಟೇಸ್ಟ್ ಚೆನ್ನಾಗೇ ಇದೆ ಮಾರಾಯ್ರೆ. ಹಳ್ಳಿ ಹುಡುಗ, ಸಾಯೋ ಸೋದರಮಾವ, ಗುಟ್ಟಿಟ್ಕೊಂಡಿರೋ ಮುದುಕ, ಸೆರೆಯಲ್ಲಿರೋ ರಾಜಕುಮಾರಿ ಇದೆಲ್ಲಾ ‘ಸ್ಟಾರ್ ವಾರ್ಸ್’ ಕಾಪಿ ಅಂತ ಬೈಯೋರು ತುಂಬಾ ಜನ ಇದಾರೆ, ನನಗೆ ಅದು ದೊಡ್ಡ ತಕರಾರಲ್ಲ, ಯಕ್ಷಗಾನದಲ್ಲಿ ಗೊತ್ತಿರೋ ಪ್ರಸಂಗಾನೇ ರಾತ್ರಿಯಿಡೀ ಕೂತು ನೋಡಲ್ವಾ ನಾವು. ತೊಂದ್ರೆ ಏನಂದ್ರೆ ಇಲ್ಲಿ ಹೀರೋ ಎರಗಾನ್ ತಾನಾಗಿ ತೀರ್ಮಾನ ಮಾಡೋದೇ ಕಮ್ಮಿ. ಊರಿಂದ ಊರಿಗೆ ಕುದುರೆ ಮೇಲೆ ಹೋಗೋದು, ಸಂಜೆ ಬೆಂಕಿ ಹಾಕೋದು, ಕೋಲಲ್ಲಿ ಕತ್ತಿವರಸೆ ಆಡಿ ಏಟು ತಿನ್ನೋದು, ಆಮೇಲೆ ಆ ಮುದುಕ ಬ್ರಾಮ್ ಕೂರಿಸ್ಕೊಂಡು ಇತಿಹಾಸ ಪಾಠ ಮಾಡೋದು, ಬೆಳಿಗ್ಗೆ ಎದ್ದು ಮತ್ತೆ ಪ್ರಯಾಣ. ಆ ರಾಜಕುಮಾರಿ ಆರ್ಯಾನ ಬಿಡಿಸ್ಕೊಂಡು ಬಂದ್ರಲ್ಲ, ವಿಷದಿಂದ ಪಾಪ ಅವಳಿಗೆ ದಾರಿಯುದ್ದಕ್ಕೂ ಪ್ರಜ್ಞೆನೇ ಇಲ್ಲ! ದುಷ್ಟ ರಾಜ ಗಾಲ್ಬಟೋರಿಕ್ಸ್ ಅಂತೂ ಐನೂರು ಪುಟದಲ್ಲಿ ಒಂದ್ಸಲ ಎದುರಿಗೆ ಬರಲ್ಲ.

ಬರೆಯೋಕೆ ಶುರು ಮಾಡಿದಾಗ ಪಾವೊಲಿನಿಗೆ 15 ವರ್ಷ. ಅಮೆರಿಕದ ಮೊಂಟಾನಾದಲ್ಲಿ ಮನೇಲೇ ಓದಿ ಬೆಳೆದ ಹುಡುಗ, 2002ರಲ್ಲಿ ಅಪ್ಪ ಅಮ್ಮಾನೇ ಅಚ್ಚು ಹಾಕ್ಸಿದ್ರು, ಹಳೇ ಕಾಲದ ವೇಷ ಹಾಕ್ಕೊಂಡು ಸ್ಕೂಲು ಲೈಬ್ರರಿ ಸುತ್ತಿ ಪ್ರಚಾರ ಮಾಡ್ದ, 2003ರಲ್ಲಿ ನಾಫ್ ಅನ್ನೋ ದೊಡ್ಡ ಪ್ರಕಾಶನದವರು ಹಾಕಿದ್ರು. ಆ ವಯಸ್ಸಿಗೆ ಸಾಧನೆನೇ, ಇಲ್ಲ ಅನ್ನಲ್ಲ. ಆದ್ರೆ ನೀವೇನು ವಯಸ್ಸು ನೋಡಿ ಡಿಸ್ಕೌಂಟಲ್ಲಿ ತಗೊಂಡಿದ್ದಾ, ಫುಲ್ ರೇಟ್ ಕೊಟ್ಟಿದೀರಿ ತಾನೇ.

ನನಗೆ ಹಿಡಿಸಿದ್ದು ಮಂತ್ರದ ಲೆಕ್ಕಾಚಾರ. ಮಂತ್ರದಿಂದ ಕೆಲಸ ಮಾಡಿದ್ರೂ ಕೈಯಾರೆ ಮಾಡಿದಷ್ಟೇ ಶಕ್ತಿ ಮೈಯಿಂದ ಖರ್ಚಾಗುತ್ತೆ, ಮಿತಿ ಮೀರಿದ್ರೆ ಪ್ರಾಣಾನೇ ಹೋಗುತ್ತೆ. ಕೊಂಬಿರೋ ರಾಕ್ಷಸರಾದ ಅರ್ಗಲ್‌ಗಳ ಮೇಲೆ ಮೊದಲ ಸಲ ಮಂತ್ರ ಬಿಟ್ಟು ಗೆದ್ದ ಹುಡುಗ ಅಲ್ಲೇ ಕುಸಿದು ಬೀಳ್ತಾನಲ್ಲ, ಆ ಜಾಗದಲ್ಲಿ ಪುಸ್ತಕಕ್ಕೆ ಜೀವ ಬರುತ್ತೆ.

ಇನ್ನು ಮೂರೂ ಓದ್ಬೇಕಾ ಅಂದ್ರೆ, ಹರಕೆ ಹೊತ್ತಿದೀರಾ? ಎರಡನೇ ಭಾಗ ‘ಎಲ್ಡೆಸ್ಟ್’ ತೆಗೆದು ರೋರನ್‌ನ ಅಧ್ಯಾಯಗಳನ್ನ ಮಾತ್ರ ಓದಿ. ಎರಗಾನ್ ಮಾವನ ಮಗ ಇವನು, ಡ್ರ್ಯಾಗನ್ ಇಲ್ಲ ಮಂತ್ರ ಇಲ್ಲ, ಕೈಯಲ್ಲಿ ಒಂದು ಸುತ್ತಿಗೆ, ಊರಿಗೆ ಊರನ್ನೇ ಎಬ್ಬಿಸ್ಕೊಂಡು ಬೆಟ್ಟ ದಾಟಿಸಿ ಹಡಗು ಕದ್ದು ಹೊರಡ್ತಾನೆ, ಎರಗಾನ್ ಮಾಡದೇ ಇದ್ದ ತೀರ್ಮಾನಗಳನ್ನೆಲ್ಲಾ ಇವನೇ ಮಾಡ್ತಾನೆ. ಅದೂ ರುಚಿಸ್ಲಿಲ್ಲ ಅಂದ್ರೆ ಸೆಟ್ ಹೊಸದಾಗಿರುವಾಗ್ಲೇ ಆ ಹೊಗಳಿದ ಫ್ರೆಂಡ್ಸಿಗೇ ಮಾರ್ಬಿಡಿ, ಅರ್ಧ ರೇಟಾದ್ರೂ ಸಿಗುತ್ತೆ.