ಮಾರುತಿ 800ರ ಥರ್ಮೋಸ್ಟಾಟ್ ಬೋಲ್ಟ್ ತುಂಡಾಗಿದೆ, ಮ್ಯಾನಿಫೋಲ್ಡ್ ಬದಲಾಯಿಸಲೇಬೇಕಾ?

ಬೇಕಾಗಿಲ್ಲ. ಥರ್ಮೋಸ್ಟಾಟ್ ಮೇಲಿನ ಮುಚ್ಚಳ ಹೋದರೆ ಹೋಗಲಿ, ಅದು ಕೂತಿರುವ ಮ್ಯಾನಿಫೋಲ್ಡ್ ಉಳಿಸಿಕೊಳ್ಳಿ.

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಇಷ್ಟು. ಚಿಂತಾಮಣಿಯಲ್ಲಿ ಅಪ್ಪನ 1997ರ ಕಾರ್ಬುರೇಟರ್ ಗಾಡಿ ಇದೆ. ಎಂಜಿನ್ ಬಿಸಿಯಾಗುತ್ತಿತ್ತು ಅಂತ ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾದಾಗ ತೆರೆದು ರೇಡಿಯೇಟರಿಗೆ ನೀರು ಬಿಡುವ ವಾಲ್ವ್) ನೋಡಲು ಹೋದರು. ಮುಚ್ಚಳದ ಎರಡು ಬೋಲ್ಟುಗಳಲ್ಲಿ ಒಂದರ ತಲೆ ಕಿತ್ತು ಕೈಗೆ ಬಂತು, ಇನ್ನೊಂದು ಅಲ್ಲಾಡುತ್ತಿಲ್ಲ. ಮೆಕ್ಯಾನಿಕ್ ಗುಜರಿಯಿಂದ ಬೇರೆ ಇನ್‌ಟೇಕ್ ಮ್ಯಾನಿಫೋಲ್ಡ್ (ಎಂಜಿನ್ನಿಗೆ ಗಾಳಿ, ಪೆಟ್ರೋಲ್ ಹಂಚುವ ಅಲ್ಯುಮಿನಿಯಂ ಎರಕ) ತಂದು ಹಾಕೋಣ ಅಂದಿದ್ದಾರೆ. ಅವರ ಮಾತು ಸುಳ್ಳಲ್ಲ, ಅವರಿಗೆ ಅದು ಸುಲಭ. ಆದರೆ ಗುಜರಿಯಲ್ಲಿ ಸಿಗುವ ಮ್ಯಾನಿಫೋಲ್ಡ್ ಕೂಡ ನಮ್ಮ ಕಡೆಯದೇ ನೀರು ಕುಡಿದಿರುತ್ತದೆ, ಅಲ್ವಾ? ಅದರ ಬೋಲ್ಟೂ ಹೀಗೇ ಕಚ್ಚಿಕೊಂಡಿರುತ್ತದೆ. ನಾನು ಬಂಗಾರಪೇಟೆಯಲ್ಲಿ ಲೇತ್ ಕೆಲಸ ಮಾಡುವವನು. ಇಂಥ ಕೆಲಸ ಬರುತ್ತಲೇ ಇರುತ್ತದೆ, ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ಮೊದಲು ಬೋಲ್ಟ್ ಎಲ್ಲಿ ಕಚ್ಚಿಕೊಂಡಿದೆ ಅಂತ ತಿಳಿದುಕೊಳ್ಳಿ. ಎಲ್ಲರೂ ಥ್ರೆಡ್ಡಿನಲ್ಲಿ ಅಂದುಕೊಳ್ಳುತ್ತಾರೆ. ಎಷ್ಟೋ ಸಲ ಅದು ಥ್ರೆಡ್ ಅಲ್ಲ. ಬೋಲ್ಟು ಸ್ಟೀಲು, ಮುಚ್ಚಳ ಅಲ್ಯುಮಿನಿಯಂ. ಎರಡರ ಮಧ್ಯೆ ಉಪ್ಪಿನ ನೀರು ಇಳಿದರೆ ಅಲ್ಯುಮಿನಿಯಂ ಕರಗಿ ಬಿಳಿ ಪುಡಿಯಾಗುತ್ತದೆ. ಆ ಪುಡಿಗೆ ಮೂಲ ಲೋಹಕ್ಕಿಂತ ಜಾಸ್ತಿ ಜಾಗ ಬೇಕು. ಹಾಗಾಗಿ ಮುಚ್ಚಳದ ತೂತಿನಲ್ಲಿ ಸಡಿಲವಾಗಿ ಕೂರಬೇಕಾದ ಬೋಲ್ಟಿನ ಮೈಯನ್ನೇ ಅದು ಸುತ್ತಲಿಂದ ಬಿಗಿಹಿಡಿಯುತ್ತದೆ. ಮೇಲೆ ಹೀಗೆ ಹಿಡಿದಿದ್ದರೂ ಕೆಳಗೆ ಥ್ರೆಡ್ ಚೆನ್ನಾಗಿಯೇ ಇರಬಹುದು. ನಿಮ್ಮದು ತಲೆಯ ಬುಡದಲ್ಲೇ ತುಂಡಾಗಿರುವುದು ನೋಡಿದರೆ ನನಗೆ ಇದೇ ಅನುಮಾನ. ಹಾಗಿದ್ದರೆ ಒಳ್ಳೆಯದೇ ಆಯಿತು.

ಈಗ ತುಂಡಾಗದ ಬೋಲ್ಟಿನ ಕಡೆ ನೋಡಿ. ಅದನ್ನು ಉಳಿಸಿಕೊಂಡರೆ ಅರ್ಧ ಕೆಲಸ ಮುಗಿದಂತೆ. ಸುತ್ತಲಿನ ಕಿಟ್ಟವನ್ನು ವೈರ್ ಬ್ರಷ್‌ನಲ್ಲಿ ಉಜ್ಜಿ ತೆಗೆಯಿರಿ. ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ರಾತ್ರಿಯೆಲ್ಲಾ ಹಾಗೇ ಇರಲಿ. ಮಾರನೇ ದಿನ ಮತ್ತೆ ಬಿಡಿ. ಅವಸರ ಬೇಡ. ಆಮೇಲೆ ಬೋಲ್ಟಿನ ತಲೆ ಮೇಲೆ ಹಿತ್ತಾಳೆ ತುಂಡು ಇಟ್ಟು ಸುತ್ತಿಗೆಯಿಂದ ನೇರವಾಗಿ, ಚುರುಕಾಗಿ ತಟ್ಟಿ. ಈ ಪೆಟ್ಟಿಗೆ ಒಳಗಿನ ಬಿಳಿ ಪುಡಿ ಬಿರುಕು ಬಿಟ್ಟು ಎಣ್ಣೆ ಇಳಿಯಲು ದಾರಿಯಾಗುತ್ತದೆ. ಹನ್ನೆರಡು ಮೂಲೆಯ ರಿಂಗ್ ಸ್ಪ್ಯಾನರ್ ಬೇಡ, ಆರು ಮೂಲೆಯ ಸಾಕೆಟ್ ಹಾಕಿ. ಮೊದಲು ಬಿಗಿ ಮಾಡುವ ಕಡೆಗೇ ಒಂದು ಚೂರು ತಿರುಗಿಸಿ ನೋಡಿ, ಆಮೇಲೆ ಬಿಚ್ಚುವ ಕಡೆಗೆ. ಅಲ್ಲಾಡಿದ ತಕ್ಷಣ ಖುಷಿಯಾಗಿ ಎಳೆದುಬಿಡಬೇಡಿ. ಸ್ವಲ್ಪ ಮುಂದೆ, ಸ್ವಲ್ಪ ಹಿಂದೆ, ಮತ್ತೆ ಎಣ್ಣೆ.

ಕೈಗೆ ಒಂದು ಸೂಚನೆ ಸಿಗುತ್ತದೆ, ಅದನ್ನು ಕಲಿತುಕೊಳ್ಳಿ. ಬಿಚ್ಚಿಕೊಳ್ಳುವ ಬೋಲ್ಟ್ 'ಟಕ್' ಅಂತ ಸದ್ದು ಮಾಡಿ ಸಡಿಲವಾಗುತ್ತದೆ. ಮುರಿಯುವ ಬೋಲ್ಟ್ ಸದ್ದಿಲ್ಲದೆ ರಬ್ಬರ್ ಥರ ತಿರುಚಿಕೊಳ್ಳುತ್ತದೆ. ರಬ್ಬರ್ ಥರ ಅನಿಸಿತು ಅಂದರೆ ಅಲ್ಲಿಗೇ ಕೈ ಬಿಡಿ.

ಇಲ್ಲಿಂದ ಮುಂದೆ ಕಾವು ಬೇಕು. ಬಿಸಿ ಮಾಡಿದರೆ ಅಲ್ಯುಮಿನಿಯಂ ಸ್ಟೀಲಿಗಿಂತ ಹೆಚ್ಚುಕಡಿಮೆ ಎರಡರಷ್ಟು ಹಿಗ್ಗುತ್ತದೆ, ಅಂದರೆ ತೂತು ಬೋಲ್ಟಿಗಿಂತ ಜಾಸ್ತಿ ದೊಡ್ಡದಾಗುತ್ತದೆ. ಬಿಸಿ ಇರುವಾಗ ಮೇಣದ ಬತ್ತಿಯನ್ನು ಬೋಲ್ಟಿನ ಬುಡಕ್ಕೆ ತಾಗಿಸಿದರೆ ಕರಗಿದ ಮೇಣ ಸಂದಿಯೊಳಗೆ ತಾನೇ ಎಳೆದುಕೊಂಡು ಹೋಗುತ್ತದೆ. ನಮ್ಮ ಅಂಗಡಿಯಲ್ಲಿ ದುಬಾರಿ ಸ್ಪ್ರೇಗಿಂತ ಮೇಣವನ್ನೇ ಜಾಸ್ತಿ ನೆಚ್ಚಿಕೊಂಡಿದ್ದೇವೆ. ಆದರೆ ನಿಮ್ಮ ಗಾಡಿಯಲ್ಲಿ ಕಾರ್ಬುರೇಟರ್ ಅದೇ ಮ್ಯಾನಿಫೋಲ್ಡ್ ಮೇಲೆ ಕೂತಿದೆ. ಅಲ್ಲಿ ಪೆಟ್ರೋಲ್ ಇದೆ. ಗಾಡಿ ಮೇಲೇ ಇರುವಾಗ ಬೆಂಕಿ, ಟಾರ್ಚು ಯಾವುದೂ ಬೇಡವೇ ಬೇಡ. ಬ್ಯಾಟರಿ ತೆಗೆದು, ನೀರು ಇಳಿಸಿ, ಕಾರ್ಬುರೇಟರ್ ಬಿಚ್ಚಿ, ಪೆಟ್ರೋಲ್ ಪೈಪಿನ ಬಾಯಿಗೆ ಬಿರಡೆ ಹಾಕಿ, ಮ್ಯಾನಿಫೋಲ್ಡನ್ನೇ ಪೂರ್ತಿ ಕೆಳಗಿಳಿಸಿ ಬೆಂಚಿನ ಮೇಲೆ ಇಟ್ಟುಕೊಳ್ಳಿ. ಹೇಗೂ ಲೇತ್ ಅಂಗಡಿಗೆ ಒಯ್ಯಲು ಅದು ಬಿಚ್ಚಲೇಬೇಕು. ಹಾಕುವಾಗ ಹೊಸ ಗ್ಯಾಸ್ಕೆಟ್ ಬೇಕಾಗುತ್ತದೆ, ಮೊದಲೇ ತಂದಿಟ್ಟುಕೊಳ್ಳಿ.

ಇನ್ನು ತುಂಡಾದ ಬೋಲ್ಟು. ಎರಡನೇ ಬೋಲ್ಟ್ ಬಿಚ್ಚಿದ ಮೇಲೂ ಮುಚ್ಚಳ ಎದ್ದು ಬರದಿದ್ದರೆ ಅದನ್ನು ಬಲಿ ಕೊಡಿ. ಮುಚ್ಚಳದ ಬೆಲೆ ಮ್ಯಾನಿಫೋಲ್ಡಿನ ಮುಂದೆ ಏನೂ ಅಲ್ಲ. ಬೋಲ್ಟಿನ ಪಕ್ಕಕ್ಕೆ ಹ್ಯಾಕ್ಸಾದಲ್ಲಿ ಕೊಯ್ದು, ಉಳಿಯಿಂದ ಮೆಲ್ಲಗೆ ಸೀಳಿ ತೆಗೆಯಿರಿ. ಕೆಳಗಿನ ಮ್ಯಾನಿಫೋಲ್ಡಿನ ಮುಖಕ್ಕೆ ಮಾತ್ರ ಗೀರು ಬೀಳಬಾರದು. ಮುಚ್ಚಳ ಹೋದರೆ ಅದರ ದಪ್ಪದಷ್ಟು ಉದ್ದದ ಬೋಲ್ಟಿನ ಮೈ ಮೇಲೆ ನಿಂತಿರುತ್ತದೆ. ವೈಸ್‌ಗ್ರಿಪ್ ಹಿಡಿಯಲು ಅಷ್ಟು ಸಾಕು. ಮೊದಲಿನ ಹಾಗೇ ಎಣ್ಣೆ, ಕಾವು, ಮುಂದೆ ಹಿಂದೆ. ಬಹುಪಾಲು ಕೇಸುಗಳು ಇಲ್ಲಿಗೇ ಮುಗಿಯುತ್ತವೆ.

ಬೋಲ್ಟು ಮುಖದ ಮಟ್ಟಕ್ಕೇ ಮುರಿದಿದ್ದರೆ ವೆಲ್ಡಿಂಗ್ ಮಾಡಿಸಿ. ತುಂಡಿನ ಮೇಲೆ ಒಂದು ವಾಷರ್, ಅದರ ಮೇಲೆ ನಟ್ಟು ಇಟ್ಟು ಒಳಗಿಂದ ವೆಲ್ಡ್ ತುಂಬಿಸುತ್ತಾರೆ. ಸ್ಟೀಲಿನ ವೆಲ್ಡ್ ಅಲ್ಯುಮಿನಿಯಂಗೆ ಅಂಟುವುದಿಲ್ಲ. ಮೊದಲ ಸಲ ನಟ್ಟು ಕಿತ್ತು ಬಂದರೆ ಬೇಜಾರಾಗಬೇಡಿ, ಇನ್ನೊಂದು ಹಾಕಿಸಿ. ಪ್ರತಿ ಸಲ ಇಳಿಯುವ ಕಾವೇ ಒಳಗೆ ಅರ್ಧ ಕೆಲಸ ಮಾಡಿರುತ್ತದೆ. ಗ್ಯಾಸ್ ಟಾರ್ಚ್ ಹಿಡಿಯುವವರಿಗೆ ಒಂದು ಎಚ್ಚರಿಕೆ ಹೇಳಿ. ಅಲ್ಯುಮಿನಿಯಂ 660 ಡಿಗ್ರಿಗೆ ಕರಗುತ್ತದೆ, ಎರಕದ ಮಿಶ್ರಲೋಹ ಅದಕ್ಕೂ ಮುಂಚೆ. ಕಬ್ಬಿಣದ ಹಾಗೆ ಕೆಂಪಾಗಿ ಮೊದಲೇ ಹೇಳುವುದಿಲ್ಲ, ನೋಡನೋಡುತ್ತಲೇ ಕುಸಿದುಬಿಡುತ್ತದೆ.

ಅಂಗಡಿಯಲ್ಲಿ ಸಿಗುವ ಈಜಿ ಔಟ್ (ಮುರಿದ ಬೋಲ್ಟಿಗೆ ತೂತು ಕೊರೆದು, ಒಳಗೆ ಕಚ್ಚಿಸಿ ತಿರುಗಿಸಿ ತೆಗೆಯುವ ಉಪಕರಣ) ತಂದು ಮನೆಯಲ್ಲಿ ತಿರುಗಿಸುವ ಯೋಚನೆ ಇದ್ದರೆ ದಯವಿಟ್ಟು ಬಿಟ್ಟುಬಿಡಿ. ಆರು ಎಂಟು ಮಿಲಿಮೀಟರ್ ಬೋಲ್ಟಿನೊಳಗೆ ಹೋಗುವ ಈಜಿ ಔಟ್ ಕಡ್ಡಿಯಷ್ಟು ಸಣ್ಣದು, ಗಡಸು ಸ್ಟೀಲಿನದು. ಅದು ಒಳಗೆ ಮುರಿದರೆ ಸಾಮಾನ್ಯ ಡ್ರಿಲ್ ಅದರ ಮೇಲೆ ಜಾರುತ್ತದೆ. ಆಗ ಕಿಡಿಯಿಂದ ಲೋಹ ಕೊರೆಯುವ ಇಡಿಎಂ ಮಿಷನ್ ಹುಡುಕಿಕೊಂಡು ಬೆಂಗಳೂರಿನ ಪೀಣ್ಯದ ಕಡೆ ಹೋಗಬೇಕಾಗುತ್ತದೆ. ಈಜಿ ಔಟ್‌ನಿಂದ ಕೆಟ್ಟು ಬಂದ ಕೆಲಸ ನೋಡಿದಷ್ಟು, ಅದರಿಂದ ಗೆದ್ದ ಕೆಲಸ ನಾನು ನೋಡಿಲ್ಲ.

ಯಾವುದಕ್ಕೂ ಬಗ್ಗದಿದ್ದರೆ ಕೊರೆದೇ ತೆಗೆಯಬೇಕು. ಕೈ ಡ್ರಿಲ್ಲಿನಲ್ಲಿ ಸುಮ್ನೆ ಕೊರೆದರೆ ಬಿಟ್ ಗಟ್ಟಿ ಸ್ಟೀಲ್ ಬಿಟ್ಟು ಮೆತ್ತನೆಯ ಅಲ್ಯುಮಿನಿಯಂ ಕಡೆಗೆ ಜಾರುತ್ತದೆ. ನಾವು ಹೊಸ ಮುಚ್ಚಳ ಕೂರಿಸಿ, ಅದರ ತೂತಿಗೆ ಸರಿಯಾಗಿ ಕೂರುವ ಬುಶ್ (ಸಣ್ಣ ಕೊಳವೆ) ಒಂದನ್ನು ಲೇತ್‌ನಲ್ಲಿ ಮಾಡಿ, ಬುಶ್ಶಿನ ನಡುವೆ 3 ಮಿಲಿಮೀಟರ್ ತೂತು ಬಿಡುತ್ತೇವೆ. ಡ್ರಿಲ್ ಬಿಟ್ ಅದರೊಳಗಿಂದಲೇ ಹೋಗಬೇಕು, ಬೇರೆ ಕಡೆ ಹೋಗಲು ಜಾಗವೇ ಇರುವುದಿಲ್ಲ. ಎಡಕ್ಕೆ ತಿರುಗುವ ಬಿಟ್ ಸಿಕ್ಕರೆ ಕೊರೆಯುವಾಗಲೇ ತುಂಡು ಬಿಚ್ಚಿಕೊಂಡು ಬಂದದ್ದೂ ಇದೆ. ಥ್ರೆಡ್ ಹಾಳಾದರೂ ಚಿಂತೆ ಇಲ್ಲ, ಹೆಲಿಕಾಯಿಲ್ (ಹೊಸ ಥ್ರೆಡ್ ಆಗಿ ಕೂರುವ ಸ್ಟೀಲ್ ತಂತಿಯ ಸುರುಳಿ) ಹಾಕಿಸಿ. ಅಲ್ಯುಮಿನಿಯಂನಲ್ಲಿ ಹಳೇ ಥ್ರೆಡ್ಡಿಗಿಂತ ಅದೇ ಗಟ್ಟಿ. ಹತ್ತಿರದಲ್ಲಿ ಇದನ್ನು ಮಾಡುವವರು ಸಿಗದಿದ್ದರೆ ಕೆಜಿಎಫ್ ಕಡೆ ವಿಚಾರಿಸಿ. 2001ರಲ್ಲಿ ಅಲ್ಲಿನ ಚಿನ್ನದ ಗಣಿ ಮುಚ್ಚಿತು, ಆದರೆ ಗಣಿಯ ವರ್ಕ್‌ಶಾಪು, ಬೆಮೆಲ್ ಕಾರ್ಖಾನೆಗಳಲ್ಲಿ ಪಳಗಿದ ಕೈಗಳು, ಅವರಿಂದ ಕಲಿತವರು ಆ ಊರಲ್ಲಿ ಇನ್ನೂ ಇದ್ದಾರೆ.

ಎಲ್ಲಾ ಬಿಚ್ಚಿದ ಮೇಲೆ ಕೆಲವರು 'ಥರ್ಮೋಸ್ಟಾಟೇ ಬೇಡ, ಎಸೆಯಿರಿ' ಅನ್ನುತ್ತಾರೆ. ಕೇಳಬೇಡಿ. ಅದಿಲ್ಲದಿದ್ದರೆ ಎಂಜಿನ್ ಬೇಕಾದ ಬಿಸಿಗೆ ಬರಲು ತುಂಬಾ ಹೊತ್ತು ಹಿಡಿಯುತ್ತದೆ, ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ಆಯಿಲ್ ಬೇಗ ಕೆಸರಾಗುತ್ತದೆ. ಹಳೆಯದನ್ನು ಪಾತ್ರೆ ನೀರಿನಲ್ಲಿ ದಾರ ಕಟ್ಟಿ ಇಳಿಬಿಟ್ಟು ಕಾಯಿಸಿ. ಕುದಿ ಬಂದರೂ ಬಾಯಿ ತೆರೆಯದಿದ್ದರೆ ಗಾಡಿ ಬಿಸಿಯಾಗುತ್ತಿದ್ದದ್ದು ಅದರಿಂದಲೇ. ಹೊಸದು ಹಾಕುವಾಗ ಸ್ಪ್ರಿಂಗ್ ಇರುವ ಕಡೆ ಎಂಜಿನ್ ಒಳಗೆ ಬರಬೇಕು. ಬೋಲ್ಟುಗಳನ್ನು ಹೊಸದೇ ಹಾಕಿ. ಥ್ರೆಡ್ಡಿಗೂ ಮೈಗೂ ತೆಳ್ಳಗೆ ಆಂಟಿ ಸೀಜ್ (ಬೋಲ್ಟ್ ಕಚ್ಚಿಕೊಳ್ಳದಂತೆ ತಡೆಯುವ ಪೇಸ್ಟ್) ಸವರಿ. ಸವರಿದ ಬೋಲ್ಟ್ ಸಲೀಸಾಗಿ ತಿರುಗುವುದರಿಂದ ಗೊತ್ತಾಗದೆ ಜಾಸ್ತಿ ಬಿಗಿಯಾಗುತ್ತದೆ, ಕೈ ಹಗುರ ಇರಲಿ.

ಇಷ್ಟಾದ ಮೇಲೂ ರೇಡಿಯೇಟರಿಗೆ ಬೋರ್ ನೀರು ಸುರಿದರೆ ಮತ್ತೆ ಇದೇ ಪಾಡು. ಕೋಲಾರ, ಚಿಕ್ಕಬಳ್ಳಾಪುರದಲ್ಲಿ ಸಾವಿರ ಅಡಿ ದಾಟಿದ ಬೋರ್‌ವೆಲ್‌ಗಳಿವೆ, ಅಷ್ಟು ಆಳದಿಂದ ಬರುವ ನೀರು ಎಷ್ಟು ಗಡಸು ಅಂತ ನೀರು ಕಾಯಿಸುವ ಹಂಡೆಯ ತಳ ನೋಡಿದರೆ ಗೊತ್ತಾಗುತ್ತದೆ. ಡಿಸ್ಟಿಲ್ಡ್ ವಾಟರ್ ಹಾಕಿ ತೊಳೆದು, ಹೊರಗೆ ಬರುವ ನೀರು ತಿಳಿಯಾಗುವವರೆಗೆ ಬದಲಿಸಿ, ಆಮೇಲೆ ಕೂಲಂಟ್ ತುಂಬಿಸಿ. ಬೆರೆಸಿಯೇ ಕೊಡುವ ಕೂಲಂಟ್ ತಂದರೆ ನೀರಿನ ಗೊಡವೆಯೇ ಇಲ್ಲ. ತುಂಬುವಾಗ ಎಂಜಿನ್ ಚಾಲೂ ಇಟ್ಟು ಗಾಳಿಯ ಗುಳ್ಳೆ ಹೊರಗೆ ಹೋಗಲು ಬಿಡಿ. ಮಾರನೇ ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ರೇಡಿಯೇಟರ್ ಮುಚ್ಚಳ ತೆಗೆದು ಮಟ್ಟ ನೋಡಿ, ಇಳಿದಿದ್ದಷ್ಟು ತುಂಬಿ.

ಅಲ್ಲಿಯವರೆಗೆ ಒಂದೇ ಬೋಲ್ಟಿನ ಮೇಲೆ ಓಡಿಸಬಹುದಾ ಅಂತಲೂ ಕೇಳಿದ್ದೀರಿ. ಬೇಡ. ಮುಚ್ಚಳ ಒಂದು ಕಡೆ ಸೋರಿ ನೀರು ಖಾಲಿಯಾದರೆ ಎಂಜಿನ್ ಕಾದು ಅದರ ಮೇಲ್ಭಾಗದ ಸಿಲಿಂಡರ್ ಹೆಡ್ ಸೊಟ್ಟಗಾಗುತ್ತದೆ. ಮ್ಯಾನಿಫೋಲ್ಡ್ ಬಿಚ್ಚಿದ ಮೇಲೆ ಬೋಲ್ಟ್ ಎಲ್ಲಿ ಮುರಿದಿದೆ ಅಂತ ಒಂದು ಫೋಟೋ ಹಾಕಿ, ನೋಡಿ ಹೇಳುತ್ತೇನೆ.