ಬೀಗದ ಕೈ ಯಾರ ಬಳಿ ಇದೆ?

ಓದುಗರ ಪತ್ರ (ಸಂಕ್ಷಿಪ್ತವಾಗಿ): ನಾನು ನಿವೃತ್ತ ಶಿಕ್ಷಕಿ. ಮೈಸೂರಿನ ಕುವೆಂಪುನಗರದಲ್ಲಿ ನಾವು ಹನ್ನೊಂದು ಮಂದಿ ಸಂಘ ನೋಂದಾಯಿಸಿ, ಎಲ್ಲ ವಯಸ್ಸಿನವರಿಗೂ ಎಂದು ಒಂದು ಸಮುದಾಯ ಕೇಂದ್ರ ತೆರೆದಿದ್ದೇವೆ. ಪರಿಚಯದವರೊಬ್ಬರು ತಮ್ಮ ಖಾಲಿ ಮನೆಯನ್ನು ಮೂರು ವರ್ಷ ಬಾಡಿಗೆಯಿಲ್ಲದೆ ಬಿಟ್ಟುಕೊಟ್ಟಿದ್ದಾರೆ. ಬೆಳಿಗ್ಗೆ ಹಿರಿಯರಿಗೆ ಪತ್ರಿಕೆ, ಕ್ಯಾರಂ. ಮಧ್ಯಾಹ್ನ ಹೆಂಗಸರಿಗೆ ಹೊಲಿಗೆ. ಸಂಜೆ ಮಕ್ಕಳಿಗೆ ಪಾಠ. ಕೂಡಿಸಿದ್ದ ₹4,20,000ರಲ್ಲಿ ಬಣ್ಣ, ಕುರ್ಚಿ, ಹೊಲಿಗೆ ಯಂತ್ರ, ಉದ್ಘಾಟನೆ ಮುಗಿದು ₹70,000 ಉಳಿದಿದೆ. ತಿಂಗಳ ಖರ್ಚು ₹22,000. ಪುಣ್ಯಕ್ಕೆ ಕರೆಂಟ್ ಬಿಲ್ ಗೃಹಜ್ಯೋತಿಯಲ್ಲಿ ಸೊನ್ನೆ. ಶುಲ್ಕ ಇಟ್ಟರೆ ಸೇವೆಗೆ ಅವಮಾನ ಎಂದು ಸಮಿತಿಯ ಅರ್ಧ ಜನ ಹೇಳುತ್ತಾರೆ. ಉದ್ಯಮಿಯೊಬ್ಬರು ₹10 ಲಕ್ಷ ಕೊಡಲು ಸಿದ್ಧ, ಆದರೆ ತಾಯಿಯ ಹೆಸರಿನ ಫಲಕ ಬೇಕು, ತಮ್ಮ ಜನಾಂಗದ ಕಾರ್ಯಕ್ರಮಗಳಿಗೆ ಸಭಾಂಗಣ ಮೀಸಲಾಗಬೇಕು ಎನ್ನುತ್ತಾರೆ. ಅಮೆರಿಕದಲ್ಲಿರುವ ನನ್ನ ಸೋದರಳಿಯನೂ ಹಣ ಕಳುಹಿಸುತ್ತೇನೆ ಎನ್ನುತ್ತಾನೆ. ಯುವಕರು ಮಾತ್ರ ಇತ್ತ ಸುಳಿಯುವುದಿಲ್ಲ. ದಾರಿ ತೋರಿಸಿ.

ಸಂಪಾದಕರ ಉತ್ತರ:

ಅಮ್ಮಾ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲ ಸಲ ಮೆಚ್ಚುಗೆಯಾಯಿತು, ಎರಡನೆಯ ಸಲ ಹೊಟ್ಟೆಯೊಳಗೆ ಸಣ್ಣ ಸಂಕಟ. ಬಣ್ಣ, ಕುರ್ಚಿ, ಉದ್ಘಾಟನೆ ಎಂಬ ಆ ಪಟ್ಟಿ ನನಗೆ ಹಳೆಯ ಪರಿಚಯ.

ಇಪ್ಪತ್ತೆಂಟು ವರ್ಷಗಳ ಹಿಂದೆ ಮಂಡ್ಯ ತಾಲ್ಲೂಕಿನ ನಮ್ಮ ಊರಿನಲ್ಲಿ, ನಾಲೆ ಏರಿಯ ಪಕ್ಕದಲ್ಲಿ, ನಾವೂ ಒಂದು ಸಮುದಾಯ ಭವನ ಕಟ್ಟಿದೆವು. ನಾನು ಖಜಾಂಚಿ. ಕಬ್ಬಿನ ಹಣ ಕೈಗೆ ಬರುವ ಹೊತ್ತು ನೋಡಿಕೊಂಡು ಮನೆಮನೆಗೆ ಹೋಗಿ ವಂತಿಗೆ ಎತ್ತಿದೆವು. ಗೋಡೆ ಎದ್ದಿತು, ತಾರಸಿ ಬಿತ್ತು, ಬಾಗಿಲ ಪಕ್ಕ ಕರಿಕಲ್ಲಿನ ಮೇಲೆ ನಲವತ್ತೆರಡು ಹೆಸರು ಕೆತ್ತಿಸಿದೆವು. ಹದಿನೇಳನೆಯದು ನನ್ನದು. ಆ ಬಾಗಿಲನ್ನು ದಿನಾ ತೆಗೆಯುವವರು ಯಾರು, ಅವರಿಗೆ ಸಂಬಳ ಎಲ್ಲಿಂದ ಎಂದು ನಲವತ್ತೆರಡು ಜನರಲ್ಲಿ ಒಬ್ಬರೂ ಕೇಳಲಿಲ್ಲ. ಬೀಗದ ಕೈ ಮೊದಲು ಅಧ್ಯಕ್ಷರ ಉಡಿದಾರದಲ್ಲಿತ್ತು. ಆಮೇಲೆ ಅವರ ಮಗನ ಬೈಕಿನ ಗೊಂಚಲಿಗೆ ಸೇರಿತು. ಅವನು ಬೆಂಗಳೂರಿಗೆ ಹೋದ ಮೇಲೆ ಅದು ಎಲ್ಲಿದೆ ಎಂಬುದೇ ಊರಿಗೆ ತಿಳಿಯಲಿಲ್ಲ. ಕ್ಯಾರಂ ಬೋರ್ಡಿಗೆ ಗೆದ್ದಲು ಹಿಡಿಯಿತು. ಈಗ ಒಳಗೆ ಶಾಮಿಯಾನದ ಕಂಬಗಳಿವೆ, ಗೊಬ್ಬರದ ಚೀಲಗಳಿವೆ. ಹೆಸರಿನ ಕಲ್ಲು ಮಾತ್ರ ಇನ್ನೂ ಫಳಫಳ ಹೊಳೆಯುತ್ತಿದೆ.

ಆದ್ದರಿಂದ ಹಣ ಎಲ್ಲಿಂದ ಎಂಬ ನಿಮ್ಮ ಪ್ರಶ್ನೆಗೆ ಮೊದಲು ನನ್ನದೊಂದು ಪ್ರಶ್ನೆ: ಬೀಗದ ಕೈ ಯಾರ ಬಳಿ ಇದೆ? ನೀವು ಲಗತ್ತಿಸಿದ ಖರ್ಚಿನ ಹಾಳೆಯಲ್ಲಿ ಉತ್ತರ ಸಿಕ್ಕಿತು. ‘ಬಾಗಿಲು ತೆಗೆದು, ಗುಡಿಸಿ, ಚಹಾ ಮಾಡುವ ಹೆಂಗಸು, ಗೌರವಧನ ₹6,000.’ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಮೂರು ಹೊತ್ತೂ ಆಕೆ ಇರಬೇಕು. ಇದಕ್ಕೆ ಗೌರವಧನ ಎನ್ನುವುದು ನಮ್ಮ ಜನ ಕಂಡುಕೊಂಡ ಜಾಣತನ. ಗೌರವ ಎಂಬ ಪದವನ್ನು ಮುಂದೆ ಹಿಡಿದರೆ ಧನ ಎಷ್ಟು ಎಂದು ಯಾರೂ ಕೇಳುವುದಿಲ್ಲ. ಆಕೆ ಒಂದು ವಾರ ಬರದಿದ್ದರೆ ನಿಮ್ಮ ಕೇಂದ್ರ ಮುಚ್ಚುತ್ತದೆ. ಅಧ್ಯಕ್ಷರು ಒಂದು ವರ್ಷ ಬರದಿದ್ದರೂ ಮುಚ್ಚುವುದಿಲ್ಲ. ಆಕೆಯ ಸಂಬಳವನ್ನು ₹12,000ಕ್ಕೆ ಏರಿಸಿ, ಆಮೇಲೆ ಉಳಿದ ಲೆಕ್ಕ ಹಾಕೋಣ.

ಅದಕ್ಕೂ ಮುನ್ನ ಒಂದು ಕಹಿ ಮಾತು. ಗೃಹಜ್ಯೋತಿ ಇರುವುದು ಮನೆಗಳಿಗೆ. ಮನೆಯ ಯಜಮಾನರ ಹೆಸರಿನ ಸಂಪರ್ಕದಲ್ಲಿ ಸಂಘ ನಡೆಸುತ್ತ ಸೊನ್ನೆ ಬಿಲ್ ಪಡೆಯುವುದು ಸರಿಯಲ್ಲ. ಇವತ್ತಲ್ಲ ನಾಳೆ ಮೀಟರ್ ಓದಲು ಬಂದವರು ಬಾಗಿಲ ಮೇಲಿನ ಫಲಕವನ್ನೂ ಓದುತ್ತಾರೆ. ವಿದ್ಯುತ್ ಪೂರೈಸುವ ಸೆಸ್ಕ್ ಕಚೇರಿಗೆ ಹೋಗಿ ಬಳಕೆಯ ವರ್ಗ ಬದಲಾಯಿಸಿಕೊಳ್ಳಿ. ಮನೆಯ ಕರಾರನ್ನೂ ಆ ವಾರವೇ ಮುಗಿಸಿ. ಒಂದು ವರ್ಷಕ್ಕೆ ಮೀರಿದ ಗುತ್ತಿಗೆಯಾದರೆ ನೋಂದಣಿ ಕಡ್ಡಾಯ. ಮೂರು ವರ್ಷ ಎಂದು ಯಜಮಾನರು ಬಾಯಲ್ಲಿ ಹೇಳಿರಬಹುದು, ಅವರ ಮಕ್ಕಳು ಹೇಳಿಲ್ಲವಲ್ಲ.

ಈಗ ಲೆಕ್ಕ. ನಿಮ್ಮ ₹22,000ಕ್ಕೆ ಆಕೆಯ ಹೆಚ್ಚಿನ ₹6,000, ವಿದ್ಯುತ್ತಿಗೆ ₹2,500, ಲೆಕ್ಕಪರಿಶೋಧನೆಗೆಂದು ತಿಂಗಳಿಗೆ ₹1,000 ಎತ್ತಿಡಿ. ಒಟ್ಟು ₹31,500. ಮೂರು ತಿಂಗಳಿಗೆ ಸಾಕು ಎಂದುಕೊಂಡಿದ್ದ ನಿಮ್ಮ ₹70,000 ಎರಡು ತಿಂಗಳಿಗೆ ಬಂದು ನಿಂತಿತು. ಬೈದುಕೊಳ್ಳಬೇಡಿ, ಈಗಲಾದರೂ ನಿಜವಾದ ಮೊತ್ತ ನಿಮ್ಮ ಮುಂದಿದೆ.

ಶುಲ್ಕ ಅವಮಾನ ಎನ್ನುವವರನ್ನು ನಮ್ಮ ಕಡೆಯ ಒಂದು ಮದುವೆಮನೆಗೆ ಕರೆದುಕೊಂಡು ಹೋಗಿ. ಊಟದ ಚಪ್ಪರದ ಬಾಯಲ್ಲಿ ಮೇಜು ಹಾಕಿಕೊಂಡು, ನೋಟು ಪುಸ್ತಕ ಬಿಡಿಸಿಕೊಂಡು ಒಬ್ಬರು ಮುಯ್ಯಿ ಬರೆಯುತ್ತಿರುತ್ತಾರೆ. ಅಕ್ಷರ ಬಲ್ಲವರು, ಊರು ನಂಬಿದವರು. ಯಾರು ಎಷ್ಟು ಹಾಕಿದರು ಎಂಬುದು ಆ ಪುಸ್ತಕದಲ್ಲಿರುತ್ತದೆ. ಅವರ ಮನೆಯ ಮದುವೆಗೆ ಅಷ್ಟನ್ನೋ, ಅದಕ್ಕೊಂದಿಷ್ಟು ಸೇರಿಸಿಯೋ ಹಾಕಬೇಕು. ಅದನ್ನು ಯಾರೂ ಶುಲ್ಕ ಎನ್ನುವುದಿಲ್ಲ, ದಾನ ಎಂದೂ ಅನ್ನುವುದಿಲ್ಲ. ಗದ್ದೆ ಕೆಲಸಕ್ಕೆ ಮುಯ್ಯಾಳು ಎನ್ನುತ್ತಿದ್ದೆವು: ಇವತ್ತು ನಿಮ್ಮ ನಾಟಿಗೆ ನಾವು, ನಾಳೆ ನಮ್ಮ ನಾಟಿಗೆ ನೀವು. ದಾನ ಪಡೆದವನು ಒಮ್ಮೆ ಕೈಮುಗಿದು ಹೋಗಿಬಿಡುತ್ತಾನೆ. ಮುಯ್ಯಿ ಹಾಕಿದವನು ನಮ್ಮ ಮನೆ ಎಂದುಕೊಂಡು ಮತ್ತೆ ಬರುತ್ತಾನೆ, ಫ್ಯಾನ್ ಏಕೆ ತಿರುಗುತ್ತಿಲ್ಲ ಎಂದು ಜಗಳವಾಡುತ್ತಾನೆ. ಆ ಜಗಳ ನಿಮಗೆ ಬೇಕು.

ಬರುವ ಕುಟುಂಬಗಳು ತೊಂಬತ್ತು ಎಂದು ಬರೆದಿದ್ದೀರಿ. ತಿಂಗಳಿಗೆ ₹100 ಎಂದರೆ ₹9,000. ಹೊಲಿಗೆಯ ಹದಿನೈದು ಮಂದಿ ₹300ರಂತೆ ₹4,500. ಕೇಂದ್ರಕ್ಕೆ ಕಾಲಿಡದಿದ್ದರೂ ಅದು ಇರಲಿ ಎನ್ನುವ ನಲವತ್ತು ಹಿತೈಷಿಗಳನ್ನು ಹುಡುಕಿ, ತಲಾ ₹200, ₹8,000. ಕೊಡಲಾರದವರ ವಿಷಯದಲ್ಲಿ ಎಚ್ಚರ. ಬಡವರು ಕಸ ಗುಡಿಸಲಿ, ಉಳ್ಳವರು ರಸೀದಿ ಪಡೆಯಲಿ ಎಂದಾಗಬಾರದು. ತಿಂಗಳಿಗೆ ಎರಡು ಗಂಟೆಯ ಮುಯ್ಯಾಳು ಎಲ್ಲರಿಗೂ ಇರಲಿ, ನಿವೃತ್ತ ಎಂಜಿನಿಯರಿಗೂ ಇರಲಿ. ಶುಲ್ಕ ಮನ್ನಾ ಆದವರ ಹೆಸರು ನಿಮಗೊಬ್ಬರಿಗೆ ತಿಳಿದಿದ್ದರೆ ಸಾಕು.

ಇನ್ನು ಯುವಕರು. ನಿಮ್ಮ ಸಮಿತಿಯ ಅತಿ ಕಿರಿಯ ಸದಸ್ಯರಿಗೆ ಐವತ್ತೆಂಟು ವರ್ಷ ಎಂದು ಬರೆದಿದ್ದೀರಿ. ಪ್ರಶ್ನೆಯ ಪಕ್ಕದಲ್ಲೇ ಉತ್ತರ ಬರೆದಂತಾಯಿತು. ಮೈಸೂರಿನ ಹುಡುಗ ಹುಡುಗಿಯರಿಗೆ ಕ್ಯಾರಂ ಬೇಕಿಲ್ಲ. ಕೆಪಿಎಸ್‌ಸಿಗೋ ಪೊಲೀಸ್ ನೇಮಕಾತಿಗೋ ಓದುತ್ತಿರುವವರಿಗೆ ಒಂದು ಕುರ್ಚಿ, ಮೇಜು, ಫ್ಯಾನು, ವೈಫೈ, ಮತ್ತು ‘ಮದುವೆ ಯಾವಾಗ’ ಎಂದು ಕೇಳದ ಜನ ಬೇಕು. ಅದಕ್ಕಾಗಿ ಅವರು ಖಾಸಗಿ ಓದುಕೋಣೆಗಳಿಗೆ ಹಣ ತೆರುತ್ತಿದ್ದಾರೆ. ಮಹಡಿಯ ಕೋಣೆಯಲ್ಲಿ ಮೂವತ್ತು ಕುರ್ಚಿ ಹಾಕಿ, ಬೆಳಗಿನಿಂದ ರಾತ್ರಿ ಒಂಬತ್ತರವರೆಗೆ ತೆರೆದಿಡಿ, ತಿಂಗಳಿಗೆ ₹300 ಕೇಳಿ. ಇಪ್ಪತ್ತೇಳು ಮಂದಿ ಕೊಟ್ಟು ಮೂವರಿಗೆ ಬಿಟ್ಟರೂ ₹8,100. ರಾತ್ರಿ ಬೀಗ ಹಾಕುವ ಹೊಣೆ ಅವರದೇ ಇರಲಿ. ಎರಡನೆಯ ಬೀಗದ ಕೈಯನ್ನು ಒಬ್ಬ ಹುಡುಗಿಯ ಕೈಗೆ ಕೊಟ್ಟು ನೋಡಿ. ಸಮಿತಿಯಲ್ಲಿ ಎರಡು ಸ್ಥಾನಗಳನ್ನೂ ಕೊಡಿ, ಸಲಹೆಗಾರರು ಎಂದಲ್ಲ, ಮತ ಇರುವ ಸ್ಥಾನಗಳನ್ನು.

ಮಕ್ಕಳ ಗಲಾಟೆಗೆ ಹಿರಿಯರು ಗೊಣಗುವುದನ್ನು ದೊಡ್ಡದು ಮಾಡಬೇಡಿ. ಎಲ್ಲ ವಯಸ್ಸಿನವರ ಕೇಂದ್ರ ಎಂದರೆ ಎಲ್ಲರೂ ಒಂದೇ ಚಾಪೆಯ ಮೇಲೆ ಕೂರಬೇಕೆಂದಲ್ಲ. ನಮ್ಮ ಹಳೆಯ ಗರಡಿಮನೆ, ಭಜನೆಮನೆ, ಅರಳಿಕಟ್ಟೆಗಳಲ್ಲೂ ಹೊತ್ತಿಗೊಂದು ಜನ ಇರುತ್ತಿದ್ದರು. ಹೆಂಗಸರಿಗೆ ಅಲ್ಲಿ ಎಷ್ಟು ಜಾಗವಿತ್ತು ಎಂದು ಮಾತ್ರ ಕೇಳಬೇಡಿ. ಒಂದು ಗುಂಪು ಏಳುವ, ಇನ್ನೊಂದು ಬರುವ ನಡುವಿನ ಅರ್ಧ ಗಂಟೆ ಇದೆಯಲ್ಲ, ಅದನ್ನು ಜೋಪಾನ ಮಾಡಿ. ಕಳೆದ ನವೆಂಬರಿನಲ್ಲಿ ಕುಕ್ಕರಹಳ್ಳಿ ಕೆರೆಯ ಏರಿಯ ಬೆಂಚಿನ ಮೇಲೆ ಒಬ್ಬ ಹಿರಿಯರು ಕೂತಿದ್ದರು. ಪಿಂಚಣಿಗೆ ಜೀವನ ಪ್ರಮಾಣಪತ್ರ ಕೊಡುವ ತಿಂಗಳು ಅದು. ಪಿಯುಸಿ ಓದುವಂತಿದ್ದ ಹುಡುಗ ಮೊಬೈಲನ್ನು ಅವರ ಮುಖಕ್ಕೆ ಹಿಡಿದು, ‘ಕಣ್ಣು ಮಿಟುಕಿಸಿ ತಾತ’ ಎನ್ನುತ್ತಿದ್ದ. ಅವರು ಮಿಟುಕಿಸುವ ಬದಲು ಎರಡೂ ಕಣ್ಣುಗಳನ್ನು ಗಟ್ಟಿಯಾಗಿ ಮುಚ್ಚಿಕೊಳ್ಳುತ್ತಿದ್ದರು, ಶಾಲೆಯ ಪ್ರಾರ್ಥನೆಯಲ್ಲಿ ನಿಂತವರ ಹಾಗೆ. ನಾಲ್ಕನೆಯ ಸಲಕ್ಕೆ ಸರಿಹೋಯಿತು. ‘ಬದುಕಿದ್ದೀರಂತೆ’ ಎಂದ ಹುಡುಗ. ಇಬ್ಬರೂ ಎಷ್ಟು ನಕ್ಕರೆಂದರೆ ನಡಿಗೆಗೆ ಬಂದವರು ನಿಂತು ನೋಡಿದರು. ನವೆಂಬರಿನ ಮೊದಲ ವಾರ ನಿಮ್ಮ ಜಗಲಿಯಲ್ಲಿ ಓದುಕೋಣೆಯ ಹುಡುಗರಿಂದ ಈ ಪ್ರಮಾಣಪತ್ರಕ್ಕೆಂದು ಒಂದು ಮೇಜು ಹಾಕಿಸಿ; ವರ್ಷವಿಡೀ ಗೊಣಗಿದವರು ಅಂದಿನಿಂದ ಓದುಕೋಣೆಯ ಪರವಾಗಿ ಮಾತನಾಡುತ್ತಾರೆ.

ಇಷ್ಟರಲ್ಲಿ ಆದಾಯ ₹29,600 ಆಯಿತು. ಇನ್ನೂ ₹1,900 ಕಡಿಮೆ. ಅದಕ್ಕೇ ಉದ್ಯಮಿಯ ಹತ್ತು ಲಕ್ಷಕ್ಕೆ ಬರುತ್ತೇನೆ.

ತಾಯಿಯ ಹೆಸರಿಗೆ ನನ್ನ ತಕರಾರಿಲ್ಲ. ಹೆತ್ತವಳನ್ನು ನೆನೆಯುವ ಆಸೆ ಸಣ್ಣದಲ್ಲ. ಎರಡನೆಯ ಷರತ್ತಿಗೆ ಮಾತ್ರ ಖಂಡಿತ ಒಪ್ಪಬೇಡಿ. ಒಂದು ಜಾತಿ ಅಥವಾ ಧರ್ಮದವರ ಹಿತಕ್ಕೆಂದು ಮೀಸಲಾದ ಸಂಸ್ಥೆಗೆ ದಾನಿಗಳಿಗೆ ಆದಾಯ ತೆರಿಗೆಯಲ್ಲಿ ವಿನಾಯಿತಿ ಕೊಡಿಸುವ, 80ಜಿ ಎಂದು ಎಲ್ಲರೂ ಕರೆಯುವ ಮಾನ್ಯತೆ ಸಿಗುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಭಾನುವಾರ ಒಂದು ಜನಾಂಗದ್ದು ಎಂದಾದ ಕೇಂದ್ರ ಸೋಮವಾರ ಎಲ್ಲರದೂ ಆಗುವುದಿಲ್ಲ. ಅವರ ಮುಂದೆ ಬೇರೊಂದು ಮಾತು ಇಡಿ. ಹತ್ತು ಲಕ್ಷವನ್ನು ಮೂಲನಿಧಿಗೆಂದು ಲಿಖಿತವಾಗಿ ಸೂಚಿಸಿ ಕೊಡಲಿ; ನೀವು ಬ್ಯಾಂಕಿನಲ್ಲಿ ಠೇವಣಿ ಇಡಿ. ಶೇ 6ರ ಬಡ್ಡಿ ಬಂದರೂ ವರ್ಷಕ್ಕೆ ₹60,000, ತಿಂಗಳಿಗೆ ₹5,000. ತಾಯಿಯ ಹೆಸರನ್ನು ಗೋಡೆಗೆ ಹಾಕುವ ಬದಲು ಹುದ್ದೆಗೆ ಇಡಿ. ಬಾಗಿಲು ತೆಗೆಯುವ ಹೆಂಗಸಿನ ಸಂಬಳದ ಒಂದು ಭಾಗ ಆ ತಾಯಿಯ ಹೆಸರಿನಲ್ಲಿ ಪ್ರತಿ ತಿಂಗಳೂ ಸಂದಾಯವಾಗಲಿ. ಒಪ್ಪಿದರೆ ಕೊರತೆ ತುಂಬಿ ಫ್ಯಾನ್ ರಿಪೇರಿಗೂ ಉಳಿಯುತ್ತದೆ. ಒಪ್ಪದಿದ್ದರೆ ಕಾಫಿ ಕೊಟ್ಟು ಕಳುಹಿಸಿ.

ಸೋದರಳಿಯನ ಪಾಸ್‌ಪೋರ್ಟ್ ಯಾವ ದೇಶದ್ದು ಎಂದು ಕೇಳಿ. ಇನ್ನೂ ಭಾರತದ ಪ್ರಜೆಯಾಗಿದ್ದರೆ ತನ್ನ ಉಳಿತಾಯದ ಹಣವನ್ನು ಬ್ಯಾಂಕ್ ಮೂಲಕ ಕಳುಹಿಸಬಹುದು. ಅಲ್ಲಿನ ಪೌರತ್ವ ಪಡೆದಿದ್ದರೆ, ಸ್ವಂತ ಸೋದರಳಿಯನೇ ಆಗಿದ್ದರೂ, ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಒಸಿಐ ಕಾರ್ಡ್ ಕೈಯಲ್ಲಿದ್ದರೂ, ಅದು ವಿದೇಶಿ ದೇಣಿಗೆ. 2010ರ ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆಯಡಿ ಅನುಮತಿ ಇಲ್ಲದೆ ಒಂದು ರೂಪಾಯಿಯನ್ನೂ ಮುಟ್ಟುವಂತಿಲ್ಲ. ನೋಂದಣಿಗೆ ಸಾಮಾನ್ಯವಾಗಿ ಮೂರು ವರ್ಷದ ಚಟುವಟಿಕೆ ಬೇಕು. ಸದ್ಯಕ್ಕೆ ಅವನಿಂದ ಹಣದ ಬದಲು ಭಾನುವಾರ ಮಕ್ಕಳಿಗೆ ಒಂದು ಗಂಟೆ ಗಣಿತ ಹೇಳಿಸಿ, ವಿಡಿಯೊ ಕರೆಯಲ್ಲಿ. ಕಂಪನಿಗಳು ಸಮಾಜದ ಕೆಲಸಕ್ಕೆಂದು ಕೊಡುವ ಸಿಎಸ್‌ಆರ್ ಹಣವನ್ನೂ ಈಗ ಬೆನ್ನಟ್ಟಬೇಡಿ. ಅದಕ್ಕೂ ಮೂರು ವರ್ಷದ ಅನುಭವ ಕೇಳುತ್ತಾರೆ, ಮತ್ತು ಅವರು ಯಂತ್ರ ಕೊಡುವಷ್ಟು ಸುಲಭವಾಗಿ ಸಂಬಳ ಕೊಡುವುದಿಲ್ಲ.

ಕಾಗದದ ಕೆಲಸ ಬೇಸರದ್ದು, ಚುಟುಕಾಗಿ ಹೇಳಿಬಿಡುತ್ತೇನೆ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಂತೆ ವರ್ಷವರ್ಷವೂ ಸರ್ವಸದಸ್ಯರ ಸಭೆ ನಡೆಸಿ, ಆಡಳಿತ ಮಂಡಳಿಯ ಪಟ್ಟಿಯನ್ನೂ ಲೆಕ್ಕಪತ್ರವನ್ನೂ ಜಿಲ್ಲಾ ನೋಂದಣಾಧಿಕಾರಿಗೆ ಸಲ್ಲಿಸಿ. ತೆರಿಗೆಯ ಮಾನ್ಯತೆಗೆ ಈಗಲೇ ಅರ್ಜಿ ಹಾಕಿ. ಅದು ಬಂದ ಮೇಲೂ, ₹2,000 ಮೀರಿದ ನಗದು ದೇಣಿಗೆಗೆ ದಾನಿಗೆ ವಿನಾಯಿತಿ ಇಲ್ಲ. ಹಳೆಯ ತೆರಿಗೆ ಪದ್ಧತಿಯಲ್ಲಿ ಉಳಿದವರಿಗೆ ಮಾತ್ರ ಆ ವಿನಾಯಿತಿ ಎಂಬುದನ್ನೂ ಮುಚ್ಚಿಡಬೇಡಿ. ಬೈಲಾದಲ್ಲಿ ಉದ್ದೇಶಗಳನ್ನು ಹೇಗೆ ಬರೆದಿದ್ದೀರಿ ಎಂದು ಲೆಕ್ಕಪರಿಶೋಧಕರಿಗೆ ತೋರಿಸಿ. ‘ಸಾರ್ವಜನಿಕ ಉಪಯೋಗ’ ಎಂಬ ವರ್ಗಕ್ಕೆ ಬಿದ್ದರೆ ವಾಣಿಜ್ಯ ರೂಪದ ಆದಾಯ ಒಟ್ಟು ಆದಾಯದ ಶೇ 20 ಮೀರುವಂತಿಲ್ಲ; ಶಿಕ್ಷಣ, ಬಡವರ ನೆರವು ಎಂಬ ವರ್ಗಗಳಿಗೆ ಈ ಕಟ್ಟಿಲ್ಲ. ನಾಮಕರಣಕ್ಕೂ ಆರತಕ್ಷತೆಗೂ ಮನೆಯನ್ನು ಬಾಡಿಗೆಗೆ ಬಿಡೋಣ ಎಂದು ಸಮಿತಿಯಲ್ಲಿ ಒಬ್ಬರಾದರೂ ಹೇಳುತ್ತಾರೆ. ಆಗ ಈ ಶೇ 20 ನಿಮಗೆ ಒಳ್ಳೆಯ ನೆಪವಾಗುತ್ತದೆ. ಮದುವೆಯ ಹಂಗಾಮಿನಲ್ಲಿ ಮಕ್ಕಳ ಪಾಠ ಬೀದಿಗೆ ಬಿದ್ದದ್ದನ್ನು ನಾನು ಕಂಡಿದ್ದೇನೆ.

ಜಮಾ ಖರ್ಚಿನ ಹಾಳೆಯನ್ನು ಮಾತ್ರ ಯಾರೂ ಕೇಳುವ ಮುನ್ನ ಬಾಗಿಲಿಗೆ ಅಂಟಿಸಿ. ಗಣೇಶನ ಹಬ್ಬ ಮುಗಿದ ಮೇಲೆ ಬೀದಿಯ ಹುಡುಗರು ಅಂಟಿಸುತ್ತಾರಲ್ಲ, ಹಾಗೆ, ಹೂವಿಗೆ ಇಷ್ಟು, ಸೌಂಡ್ ಸಿಸ್ಟಮ್‌ಗೆ ಇಷ್ಟು ಎಂದು ಬಿಡಿಬಿಡಿಯಾಗಿ. ‘ಇತರೆ’ ಎಂಬ ಸಾಲು ಬೇಡ. ಜಗಳಗಳೆಲ್ಲ ಹುಟ್ಟುವುದು ಆ ಸಾಲಿನಲ್ಲಿ.

ಕೈಚಾಚುವುದಕ್ಕೆ ನಾಚಿಕೆಯಾಗುತ್ತದೆ ಎಂದು ಕೊನೆಯಲ್ಲಿ ಬರೆದಿದ್ದೀರಿ. ನಿಮ್ಮದೇ ಊರಿನಲ್ಲಿ ಎಂ. ವೆಂಕಟಕೃಷ್ಣಯ್ಯನವರಿದ್ದರು, ಜನರ ತಾತಯ್ಯ. 1844ರಲ್ಲಿ ಹುಟ್ಟಿ 1933ರವರೆಗೆ ಬದುಕಿದವರು. ಮರಿಮಲ್ಲಪ್ಪ ಶಾಲೆಯ ಮುಖ್ಯೋಪಾಧ್ಯಾಯರು, ‘ಸಾಧ್ವಿ’ ಪತ್ರಿಕೆ ನಡೆಸಿದವರು, ಅನಾಥಾಲಯ ಕಟ್ಟಿದವರು. ನಿಮ್ಮ ವೃತ್ತಿಗೂ ನನ್ನ ವೃತ್ತಿಗೂ ಹಿರಿಯರು. ಪರರ ಮಕ್ಕಳಿಗಾಗಿ ಕೇಳುವುದನ್ನು ಮೈಸೂರು ಅವರ ಕಾಲದಿಂದಲೂ ಮರ್ಯಾದೆಯ ಕೆಲಸವೆಂದೇ ಎಣಿಸಿದೆ.

ನಿಮ್ಮ ನಲವತ್ತು ಹಿತೈಷಿಗಳಲ್ಲಿ ಮೊದಲನೆಯವನಾಗಿ ನನ್ನನ್ನು ಬರೆದುಕೊಳ್ಳಿ. ವರ್ಷದ ₹2,400ನ್ನು ಸಂಘದ ಖಾತೆಗೇ ಹಾಕುತ್ತಿದ್ದೇನೆ. ನಗದಾಗಿ ಏಕಲ್ಲ ಎಂಬುದು ಮೇಲೆಯೇ ಇದೆ. ರಸೀದಿಯನ್ನು ಬಾಗಿಲು ತೆಗೆಯುವ ಆ ಹೆಂಗಸೇ ಸಹಿ ಮಾಡಿ ಕಳುಹಿಸಲಿ. ನಿಮ್ಮ ಪತ್ರದಲ್ಲಿ ಹನ್ನೊಂದು ಸದಸ್ಯರ ಹೆಸರಿದೆ, ಆಕೆಯ ಹೆಸರಿಲ್ಲ.