ದಿನಾ ಬಸ್ಸಿನಲ್ಲಿ ಸ್ವಿಚ್ ಆಡುವವನಿಗೆ ಯಾವ ವೈರ್‌ಲೆಸ್ ಗೇಮಿಂಗ್ ಹೆಡ್‌ಸೆಟ್ ಒಳ್ಳೆಯದು?

ಕಾಸರಗೋಡಿನಿಂದ ಮಂಗಳೂರಿಗೆ ದಿನಾ ಬಸ್ಸು, ಕೈಯಲ್ಲಿ ಹಿಡಿದು ಆಡಲು ನಿಂಟೆಂಡೊದ ಗೇಮ್ ಕನ್ಸೋಲ್ ಸ್ವಿಚ್ ಓಎಲ್‌ಇಡಿ, ಆರೇಳು ಸಾವಿರ ಬಜೆಟ್. ವೈರ್ ಇರಬಾರದು, ಮೈಕ್ ಬೇಕು, 7.1 ಸರೌಂಡ್, ಅಂದರೆ ಸುತ್ತಲಿಂದ ಶಬ್ದ ಬಂದ ಹಾಗೆ ಕೇಳಿಸುವುದು, ಬೇಕು. ಇಷ್ಟು ತಾನೇ ನಿಮ್ಮ ಪ್ರಶ್ನೆ? ಓದುವಾಗ 2019ರ ನನ್ನನ್ನೇ ನೋಡಿದ ಹಾಗಾಯಿತು. ನಿಮ್ಮದು ಬಸ್ಸು, ನನ್ನದು ರೈಲು. ಅಷ್ಟೇ ವ್ಯತ್ಯಾಸ.

ನಮ್ಮ ಮನೆ ಉಪ್ಪಳದ ಹತ್ತಿರ, ಕೆಲಸ ಮಂಗಳೂರಿನಲ್ಲಿ. ಭಾವ ಆಗ ದುಬೈಯಲ್ಲಿದ್ದರು. ನಮ್ಮ ಕಡೆ ಮನೆಗೊಬ್ಬರು ಗಲ್ಫಿನಲ್ಲಿರುವುದನ್ನು ನಿಮಗೆ ಬೇರೆ ಹೇಳಬೇಕಾಗಿಲ್ಲ. 2019ರ ಓಣಂ ರಜೆಗೆ ಬರುವಾಗ ನನಗೊಂದು ಸ್ವಿಚ್ ತಂದುಕೊಟ್ಟರು. ಮೊದಲ ಎರಡು ತಿಂಗಳು ಮೊಬೈಲ್ ಜೊತೆ ಬಂದಿದ್ದ ಇಯರ್‌ಫೋನನ್ನೇ ಚುಚ್ಚಿಕೊಂಡು ಆಡಿದೆ. ಚೆನ್ನಾಗಿಯೇ ಇತ್ತು. ಆದರೆ ವೈರ್ ಒಮ್ಮೆ ಬ್ಯಾಗಿನ ಜಿಪ್ಪಿಗೆ ಸಿಕ್ಕಿಕೊಳ್ಳುತ್ತಿತ್ತು, ಇನ್ನೊಮ್ಮೆ ಪಕ್ಕದವರ ಕೊಡೆಗೆ. ರೈಲಿನಲ್ಲಿ ಎದುರು ಕೂತ ಹುಡುಗನ ಕಿವಿಯಲ್ಲಿ ಬಿಳಿ ಬಣ್ಣದ ವೈರ್‌ಲೆಸ್ ನೋಡಿದ ದಿನ ನನ್ನ ತಲೆಗೂ ಹುಳ ಹೊಕ್ಕಿತು.

ಆಗ ಒಂದು ತೊಂದರೆ ಇತ್ತು. 2017ರಲ್ಲಿ ಬಂದ ಸ್ವಿಚ್‌ಗೆ ಬ್ಲೂಟೂತ್ ಹೆಡ್‌ಫೋನ್ ಜೋಡಿಸಲು 2021ರ ಸೆಪ್ಟೆಂಬರ್ ತನಕ ಆಗುತ್ತಿರಲಿಲ್ಲ. ಒಳಗೆ ಬ್ಲೂಟೂತ್ ಇತ್ತು, ಕಂಟ್ರೋಲರ್‌ಗಳು ಅದರಲ್ಲೇ ಮಾತಾಡುತ್ತಿದ್ದವು. ಶಬ್ದಕ್ಕೆ ಮಾತ್ರ ಬಾಗಿಲು ಹಾಕಿತ್ತು. ಹಾಗಾಗಿ ವೈರ್ ಬೇಡ ಅನ್ನುವವರಿಗೆ ಉಳಿದ ದಾರಿ ಡಾಂಗಲ್. ಹೆಡ್‌ಸೆಟ್ ಜೊತೆ ಪೆನ್‌ಡ್ರೈವಿನ ಹಾಗಿರುವ ಒಂದು ತುಂಡು ಬರುತ್ತದೆ. ಅದನ್ನು ಯುಎಸ್‌ಬಿಗೆ ಚುಚ್ಚಿದರೆ 2.4 ಗಿಗಾಹರ್ಟ್ಸ್‌ನಲ್ಲಿ ಹೆಡ್‌ಸೆಟ್ಟಿಗೆ ಶಬ್ದ ಕಳಿಸುತ್ತದೆ. ಬ್ಲೂಟೂತಿಗಿಂತ ಬಹಳ ಬೇಗ ತಲುಪುತ್ತದೆ. ಅದೇ ಬೇಕು ಅಂತ ಭಾವನಿಗೆ ಫೋನ್ ಮಾಡಿದೆ. ಅವರು ಒಂದು ಅಂಗಡಿಗೆ ಹೋಗಿ ಡಬ್ಬದ ಫೋಟೋ ಕಳಿಸಿದರು. ಬೆಲೆ 399 ದಿರ್ಹಮ್. ಆಗಿನ ಲೆಕ್ಕದಲ್ಲಿ ಏಳೂವರೆ ಸಾವಿರದ ಮೇಲೆ. "ಇದು ನಿನ್ನದಕ್ಕೆ ಆಗ್ತದಾ? ಸರಿ ನೋಡು ಮಾರಾಯಾ, ಮತ್ತೆ ವಾಪಸ್ ಕೊಡ್ಲಿಕ್ಕೆ ನನಗಾಗುವುದಿಲ್ಲ" ಅಂದರು. ನಾನು ಫೋಟೋ ದೊಡ್ಡದು ಮಾಡಿ ನೋಡಿದೆ. ಡಬ್ಬದ ಮೇಲೆ ಸ್ವಿಚ್‌ನ ಚಿತ್ರವೇ ಇತ್ತು. "ಆಗ್ತದೆ ಭಾವ, ತಕೊಳ್ಳಿ" ಅಂದುಬಿಟ್ಟೆ.

ನನ್ನ ತಪ್ಪು ಆಗಿದ್ದು ಇಲ್ಲೇ. ಇದನ್ನು ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ, ಬೇಜಾರು ಮಾಡ್ಕೋಬೇಡಿ.

ಡಬ್ಬದ ಚಿತ್ರದಲ್ಲಿ ಸ್ವಿಚ್ ಇದ್ದದ್ದು ಡಾಕಿನಲ್ಲಿ. ಅಂದರೆ ಟೀವಿ ಪಕ್ಕದ ಸ್ಟ್ಯಾಂಡಿನಲ್ಲಿ. ಡಾಕಿಗೆ ಮಾಮೂಲಿ ಅಗಲದ ಯುಎಸ್‌ಬಿ ತೂತು ಇದೆ. ಡಾಂಗಲ್ ಅಲ್ಲಿ ಹೋಗಿ ಕೂರುತ್ತದೆ, ಯಾರಿಗೂ ತೊಂದರೆ ಇಲ್ಲ. ಕೈಯಲ್ಲಿ ಹಿಡಿದಾಗ ಸ್ವಿಚ್‌ಗೆ ಇರುವುದು ಒಂದೇ ಯುಎಸ್‌ಬಿ ತೂತು. ಅದು ಸಿ ಟೈಪ್, ಅದೂ ಅಡಿಯಲ್ಲಿ. ಡಾಂಗಲ್ ಅಗಲದ್ದು, ತೂತು ಸಣ್ಣದು. ನಡುವೆ ಒಂದು ಅಡಾಪ್ಟರ್ ಬೇಕು. ಅದು ಕಾಸರಗೋಡು ಪೇಟೆಯಲ್ಲಿ ನೂರೈವತ್ತು ರೂಪಾಯಿಗೆ ಸಿಕ್ಕಿತು. ಅಡಾಪ್ಟರ್ ಚುಚ್ಚಿ, ಅದರೊಳಗೆ ಡಾಂಗಲ್ ಚುಚ್ಚಿದಾಗ ಕನ್ಸೋಲಿನ ಅಡಿಯಿಂದ ಹೆಬ್ಬೆರಳಿನಷ್ಟು ಉದ್ದದ ಒಂದು ವಸ್ತು ನೇತಾಡತೊಡಗಿತು. ಅಮ್ಮ ನೋಡಿ, "ಎಂತದೋ ಅದು, ಇದಕ್ಕೆ ಬಾಲ ಬೇರೆ ಬಂತಾ?" ಅಂತ ಕೇಳಿದರು. ನಾನು ನಕ್ಕೆ. ಅಮ್ಮ ಒಂದೇ ನೋಟಕ್ಕೆ ಕಂಡುಹಿಡಿದದ್ದು ನನಗೆ ಮೂರು ತಿಂಗಳಾದರೂ ಹೊಳೆಯಲಿಲ್ಲ.

ಆ ಬಾಲ ಇದ್ದಷ್ಟು ಹೊತ್ತು ಚಾರ್ಜ್ ಮಾಡುವಂತಿಲ್ಲ, ತೂತು ಒಂದೇ ಅಲ್ವಾ. ಮೇಜಿನ ಮೇಲೆ ನಿಲ್ಲಿಸುವಂತಿಲ್ಲ. ಚೀಲಕ್ಕೆ ಹಾಕುವಾಗಲೆಲ್ಲ ಕಿತ್ತು ಜೇಬಿಗೆ ಹಾಕಬೇಕು. ಇವನ್ನೆಲ್ಲ ಸಹಿಸಿಕೊಂಡೆ. ಏಳೂವರೆ ಸಾವಿರ ಕೊಟ್ಟ ಮೇಲೆ ಮನುಷ್ಯ ಏನು ಬೇಕಾದರೂ ಸಹಿಸುತ್ತಾನೆ.

2020ರ ಮಾರ್ಚ್ ಮೊದಲ ವಾರ, ಸಂಜೆ ರೈಲು. ಅಪರೂಪಕ್ಕೆ ಕೂರಲು ಜಾಗ ಸಿಕ್ಕಿತ್ತು. ತೊಡೆ ಮೇಲೆ ಬ್ಯಾಗು, ಅದರೊಳಗೆ ಸ್ಟೀಲಿನ ಬುತ್ತಿ, ಬ್ಯಾಗಿನ ಮೇಲೆ ಕನ್ಸೋಲ್. ನೇತ್ರಾವತಿ ಸೇತುವೆ ದಾಟುವಾಗ ಆಡುತ್ತಿದ್ದದ್ದು ನೆನಪಿದೆ. ಉಳ್ಳಾಲ ಕಳೆದ ಮೇಲೆ ಜೋಂಪು ಹತ್ತಿತು. ಮಂಜೇಶ್ವರದಲ್ಲಿ ಇಳಿಯುವವರ ನೂಕುನುಗ್ಗಲು. ಯಾರದೋ ಮೊಣಕೈ ನನ್ನ ಭುಜಕ್ಕೆ ತಾಗಿತು. ಕೈ ಜಾರಿ ಕನ್ಸೋಲ್ ಬ್ಯಾಗಿನ ಮೇಲೆ ಕೂತಿತು. ಬಿದ್ದದ್ದು ನಾಲ್ಕು ಇಂಚು ಕೂಡ ಇಲ್ಲ. ಆದರೆ ಬುತ್ತಿಯ ಅಂಚಿಗೆ ಮೊದಲು ತಾಗಿದ್ದು ಬಾಲ. 'ಟಕ್' ಅಂತ ಒಂದು ಸಣ್ಣ ಶಬ್ದ. ಹೆಡ್‌ಸೆಟ್ ಮೌನವಾಯಿತು.

ನೀವು ಮುರಕಲ್ಲನ್ನು ಹಾರೆಯಲ್ಲಿ ಮೀಟುವುದನ್ನು ನೋಡಿರುತ್ತೀರಿ. ಹಾರೆ ಉದ್ದ ಇದ್ದಷ್ಟೂ ಕಡಿಮೆ ಬಲ ಸಾಕು. ಆ ಡಾಂಗಲ್ಲೇ ಹಾರೆ. ಮೀಟಿದ್ದು ನನ್ನ ಪೋರ್ಟನ್ನು. ಸಿ ಟೈಪ್ ತೂತಿನ ಒಳಗೆ ನಾಲಿಗೆಯ ಹಾಗೆ ಒಂದು ತೆಳು ಪಟ್ಟಿ ಇದೆ. ಅದರ ಎರಡು ಬದಿಗೆ ಹನ್ನೆರಡರಂತೆ ಒಟ್ಟು 24 ಸಂಪರ್ಕಗಳು. ನೇರವಾಗಿ ಚುಚ್ಚಿ ಎಳೆಯಲಿಕ್ಕೆ ಅದು ಗಟ್ಟಿಯೇ. ಪಕ್ಕಕ್ಕೆ ತಿರುಚಿದರೆ ತಡೆಯುವುದಿಲ್ಲ. ನನ್ನದರಲ್ಲಿ ಆ ನಾಲಿಗೆ ವಾಲಿಕೊಂಡಿತ್ತು. ಮನೆಗೆ ಬಂದು ಚಾರ್ಜರ್ ಹಾಕಿದೆ, ಇಲ್ಲ. ಡಾಕಿನಲ್ಲಿಟ್ಟೆ, ಟೀವಿಗೆ ಚಿತ್ರವೂ ಬರುವುದಿಲ್ಲ. ಯಾಕೆಂದರೆ ಸ್ವಿಚ್‌ಗೆ ಚಾರ್ಜು, ಟೀವಿ, ಡಾಂಗಲ್ ಎಲ್ಲಕ್ಕೂ ಆ ಒಂದೇ ಬಾಗಿಲು. ಕನ್ಸೋಲ್ ಮಾತ್ರ ಆರಾಮಾಗಿ ಓಡುತ್ತಿತ್ತು, 61% ಬ್ಯಾಟರಿ. ಅದನ್ನು ನೋಡುತ್ತಾ ಕೂತೆ. ಆಡಿದರೆ ಮುಗಿದುಹೋಗುತ್ತದೆ, ಆಡದಿದ್ದರೆ ಇಟ್ಟುಕೊಂಡು ಎಂತ ಮಾಡುವುದು? ಮೂರು ದಿನ ತಡೆದೆ, ನಾಲ್ಕನೇ ದಿನ ಆಡಿ ಮುಗಿಸಿದೆ.

ಉಪ್ಪಳದ ಮೊಬೈಲ್ ಅಂಗಡಿಯವರು ತೂತಿಗೆ ಟಾರ್ಚ್ ಬಿಟ್ಟು ನೋಡಿ, "ಇದರ ಪೋರ್ಟ್ ನಮ್ಮಲ್ಲಿ ಇಲ್ಲ, ಮಂಗಳೂರಿಗೆ ಹೋಗಿ" ಅಂದರು. ಮುಂದಿನ ವಾರ ಕೊಟ್ಟರಾಯಿತು ಅಂದುಕೊಂಡೆ. ಆ ಮುಂದಿನ ವಾರ ಬರಲೇ ಇಲ್ಲ. ಲಾಕ್‌ಡೌನ್ ಆಯಿತು, ತಲಪಾಡಿ ಗಡಿ ಮುಚ್ಚಿತು, ಒಳದಾರಿಗಳಿಗೂ ಮಣ್ಣು ತಂದು ಸುರಿದರು. ಆಸ್ಪತ್ರೆಗೆ ಹೋಗಬೇಕಾದವರನ್ನೇ ಗಡಿಯಲ್ಲಿ ತಡೆಯುತ್ತಿದ್ದ ದಿನಗಳು ಅವು. ಆಟದ ಸಾಮಾನು ಹಾಳಾಗಿದೆ ಅಂತ ಯಾರ ಹತ್ತಿರವೂ ಹೇಳಿಕೊಳ್ಳಲು ನಾಚಿಕೆ. ಊರಿಡೀ ಮನೆಯೊಳಗೆ ಕೂತು ಆಟ ಆಡುತ್ತಿದ್ದಾಗ ನನ್ನ ಸ್ವಿಚ್ ಕಪಾಟಿನಲ್ಲಿ, ಅಮ್ಮನ ಸೀರೆಗಳ ಅಡಿಯಲ್ಲಿ ಮಲಗಿತ್ತು. ಪೋರ್ಟ್ ಬದಲಾಯಿಸಿ ಕೈಗೆ ಬರುವಾಗ ವರ್ಷದ ಕೊನೆ. ರಿಪೇರಿಗೆ ಮೂರು ಸಾವಿರ. ಹೆಡ್‌ಸೆಟ್ಟಿನದ್ದೂ ಸೇರಿಸಿದರೆ ವೈರ್ ತಪ್ಪಿಸಲು ನಾನು ಕೊಟ್ಟದ್ದು ಹತ್ತೂವರೆ ಸಾವಿರ.

ಈಗ ನಿಮ್ಮ ವಿಷಯ. ಗೇಮಿಂಗ್ ಹೆಡ್‌ಸೆಟ್ ತಗೊಳ್ಳಲೇಬೇಡಿ. ಯಾವ ಕಂಪನಿಯದ್ದೂ ಬೇಡ. ಸಾವಿರ, ಸಾವಿರದ ಐನೂರರೊಳಗೆ ಕಿವಿಯೊಳಗೆ ಕೂರುವ, ವೈರ್ ಇರುವ ಇಯರ್‌ಫೋನ್ ತಗೊಳ್ಳಿ. 3.5 ಎಂಎಂ ಪಿನ್ನಿನದ್ದು. ಸ್ವಿಚ್‌ನಲ್ಲಿ ಆ ತೂತು ಮೇಲ್ಗಡೆ ಇದೆ, ಬುತ್ತಿಗೆ ತಾಗುವುದಿಲ್ಲ. ಪಿನ್ ಎಲ್ ಆಕಾರದಲ್ಲಿ ಬಾಗಿದ್ದರೆ ಇನ್ನೂ ಒಳ್ಳೆಯದು. ಡಬ್ಬದ ಮೇಲೆ 16 ಅಥವಾ 32 ಓಮ್ (ವಿದ್ಯುತ್ತಿಗೆ ಒಡ್ಡುವ ತಡೆಯ ಅಳತೆ) ಅಂತ ಇದ್ದರೆ ಸಾಕು. ಸ್ಟುಡಿಯೋದವರು ಬಳಸುವ 250 ಓಮಿನ ದೊಡ್ಡ ಹೆಡ್‌ಫೋನ್ ಯಾರಾದರೂ ಪುಕ್ಕಟೆ ಕೊಟ್ಟರೂ ಬೇಡ. ಕೈಯಲ್ಲಿ ಹಿಡಿಯುವ ಕನ್ಸೋಲಿಗೆ ಅದನ್ನು ಗಟ್ಟಿಯಾಗಿ ಕೂಗಿಸುವ ಶಕ್ತಿ ಇಲ್ಲ.

7.1 ಆಸೆ ಬಿಟ್ಟುಬಿಡಿ. ಕೈಯಲ್ಲಿ ಹಿಡಿದಾಗ ಆ ತೂತಿನಿಂದ ಬರುವುದು ಎಡ, ಬಲ, ಎರಡೇ. ಡಬ್ಬದ ಮೇಲೆ ಬರೆದಿರುವ 7.1 ಹೆಚ್ಚಾಗಿ ಕಂಪ್ಯೂಟರಿನ ಸಾಫ್ಟ್‌ವೇರ್ ಮಾಡುವ ಕಣ್ಕಟ್ಟು, ಅಲ್ಲ, ಕಿವಿಕಟ್ಟು. ಮೈಕೂ ಅಷ್ಟೇ. ಫೋರ್ಟ್‌ನೈಟ್ ತರದ ಕೆಲವು ಆಟಗಳು ಮಾತ್ರ ಕನ್ಸೋಲಿಗೆ ಚುಚ್ಚಿದ ಮೈಕನ್ನು ನೇರವಾಗಿ ಕೇಳಿಸಿಕೊಳ್ಳುತ್ತವೆ. ನಿಂಟೆಂಡೊದ ತನ್ನದೇ ಆಟಗಳಲ್ಲಿ ನಿಮ್ಮ ಸ್ವಿಚ್‌ನಿಂದ ಮಾತಾಡಬೇಕಾದರೆ ಫೋನಿನ ಆ್ಯಪ್ ಬೇಕು. ಅಷ್ಟಕ್ಕೂ ತಲಪಾಡಿ ಟೋಲಿನ ಹಾರ್ನುಗಳ ನಡುವೆ ನೀವು ಹೇಳುವುದು ಯಾರಿಗೆ ಕೇಳಿಸಬೇಕು? ಬೇಕೇ ಬೇಕು ಅಂದರೆ ಪಿನ್ನಿನ ಮೇಲೆ ಕಪ್ಪು ಗೆರೆ ಎಣಿಸಿ. ಮೂರಿದ್ದರೆ ಮೈಕ್ ಇದೆ, ಎರಡಿದ್ದರೆ ಇಲ್ಲ.

"ಈಗ ಬ್ಲೂಟೂತ್ ಬಂದಿದೆಯಲ್ಲ" ಅಂತ ನೀವು ಹೇಳಬಹುದು. ಬಂದಿದೆ. ನಾನೂ ಹಾಕಿ ನೋಡಿದೆ. ಮೈಕ್ ಕೆಲಸ ಮಾಡುವುದಿಲ್ಲ, ಪಕ್ಕದ ಸೀಟಿನ ಗೆಳೆಯನ ಸ್ವಿಚ್ ಜೊತೆ ಲೋಕಲ್ ಆಟಕ್ಕೆ ಸೇರಿದರೆ ಶಬ್ದದ ಸಂಪರ್ಕ ಕಡಿಯುತ್ತದೆ. ಇವನ್ನು ಬಿಡಿ, ದೊಡ್ಡ ರಗಳೆ ತಡ. ಬ್ಲೂಟೂತಿನಲ್ಲಿ ಶಬ್ದವನ್ನು ಮಡಚಿ, ಪೊಟ್ಟಣ ಕಟ್ಟಿ, ಕಳಿಸಿ, ಆ ಕಡೆ ಬಿಚ್ಚಬೇಕು. ಇದಕ್ಕೆ 200 ಮಿಲಿಸೆಕೆಂಡ್ ಹೋಗುವುದು ಮಾಮೂಲು. ಆಟ ಸೆಕೆಂಡಿಗೆ 60 ಚಿತ್ರ ತೋರಿಸುತ್ತದೆ ಅಂದುಕೊಳ್ಳಿ. ನೀವು ಜಿಗಿದು 12 ಚಿತ್ರ ಕಳೆದ ಮೇಲೆ ಜಿಗಿದ ಶಬ್ದ. ಸಿನಿಮಾ ನೋಡುವಾಗ ಇದು ಯಾಕೆ ಗೊತ್ತಾಗುವುದಿಲ್ಲ ಅಂದರೆ, ಫೋನು ಚಿತ್ರವನ್ನೂ ಅಷ್ಟೇ ತಡ ಮಾಡಿ ತೋರಿಸುತ್ತದೆ. ಆಟದಲ್ಲಿ ಹಾಗೆ ಮಾಡಲಿಕ್ಕಾಗುವುದಿಲ್ಲ. ನೀವು ಯಾವಾಗ ಗುಂಡಿ ಒತ್ತುತ್ತೀರಿ ಅಂತ ಅದಕ್ಕೆ ಮೊದಲೇ ಗೊತ್ತಿರುವುದಿಲ್ಲ. ಹೊಲ ಉಳುವ, ಮನೆ ಕಟ್ಟುವ ನಿಧಾನದ ಆಟವಾದರೆ ಪರವಾಗಿಲ್ಲ. ತಾಳಕ್ಕೆ ಸರಿಯಾಗಿ ಒತ್ತುವ ಆಟವಾದರೆ ಹುಚ್ಚು ಹಿಡಿಯುತ್ತದೆ.

ಇನ್ನೊಂದು, ಇದನ್ನು ರಿವ್ಯೂ ಮಾಡುವವರು ಹೇಳುವುದಿಲ್ಲ. ಅವರು ಎಸಿ ಕೋಣೆಯಲ್ಲಿ ಕೂತಿರುತ್ತಾರೆ. ಕಿವಿ ಮುಚ್ಚುವ ದೊಡ್ಡ ಹೆಡ್‌ಸೆಟ್ಟಿನ ಮೆತ್ತೆಗೆ ಹೊದಿಸಿರುವುದು ನಕಲಿ ಚರ್ಮ. ನಮ್ಮ ಕಡಲ ಬದಿಯ ತೇವಕ್ಕೆ ಅದು ಬಾಳುವುದಿಲ್ಲ. ನನ್ನದು ಎರಡನೇ ಮಳೆಗಾಲಕ್ಕೆ ಸುಲಿಯಲು ಶುರುವಾಯಿತು. ಆಫೀಸಿನಲ್ಲಿ ಒಬ್ಬರು, "ನಿಮ್ಮ ಕಿವಿಯಲ್ಲಿ ಎಂತ, ಇರುವೆಯಾ?" ಅಂತ ಕೇಳಿದ್ದರು. ಕಪ್ಪು ಪುಡಿ. ಬೇಸಿಗೆಯ ಬಸ್ಸಿನಲ್ಲಿ ಅದನ್ನು ಹಾಕಿಕೊಂಡರೆ ಕಿವಿ ಗಂಜಿ ಬೆಂದ ಹಾಗೆ ಬೇಯುತ್ತದೆ. ಶಬ್ದ ತಡೆಯುವ ನಾಯ್ಸ್ ಕ್ಯಾನ್ಸಲಿಂಗ್ ಬಗ್ಗೆಯೂ ನನಗೆ ಅಷ್ಟೇನೂ ಪ್ರೀತಿ ಇಲ್ಲ. ಗೆಳೆಯನದ್ದು ಒಮ್ಮೆ ಹಾಕಿಕೊಂಡು ಆಡುತ್ತಾ ಉಪ್ಪಳ ಬಂದದ್ದು ಗೊತ್ತಾಗದೆ ಕುಂಬಳೆಯಲ್ಲಿ ಇಳಿದು, ಬಸ್ಸು ಹಿಡಿದು ವಾಪಸ್ ಬಂದಿದ್ದೇನೆ.

ಡಾಂಗಲ್ಲೇ ಬೇಕು ಅಂತ ಹಟ ಇದ್ದರೆ ಕೊಳ್ಳುವ ಮೊದಲು ಒಂದು ಕೆಲಸ ಮಾಡಿ. ಕನ್ಸೋಲನ್ನು ಆಡುವಾಗ ಹಿಡಿಯುವ ಹಾಗೆ ಹಿಡಿದು, ತೂತು ಯಾವ ಕಡೆ ಇದೆ ನೋಡಿ. ಸ್ಟೀಮ್ ಡೆಕ್ ಅನ್ನುವ ಇನ್ನೊಂದು ಕನ್ಸೋಲಿನಲ್ಲಿ ಸಿ ಟೈಪ್ ತೂತು ಮೇಲ್ಗಡೆ, ಬಾಲ ಆಕಾಶ ನೋಡುತ್ತದೆ. 2025ರಲ್ಲಿ ಬಂದ ಸ್ವಿಚ್ 2ರಲ್ಲಿ ಮೇಲೊಂದು, ಕೆಳಗೊಂದು, ಎರಡು ತೂತು. ಮೈಕೂ ಒಳಗೇ ಇದೆ. ನಿಮ್ಮ ಓಎಲ್‌ಇಡಿಯಲ್ಲಿ ನನ್ನದರ ಹಾಗೇ ಅಡಿಯಲ್ಲಿ ಒಂದೇ. ನಿಮ್ಮ ತೊಡೆ ಮೇಲೂ ಬ್ಯಾಗು, ಬ್ಯಾಗಿನಲ್ಲಿ ಬುತ್ತಿ ಇರುತ್ತದಲ್ವಾ?

ಆ ಹೆಡ್‌ಸೆಟ್ ಎಲ್ಲಿಗೆ ಹೋಯಿತು ಅಂತ ಕೇಳುತ್ತೀರಾದರೆ, ಅಕ್ಕನ ಮಗನ ಕಂಪ್ಯೂಟರಿನಲ್ಲಿದೆ. ಹಳೇ ಬನಿಯನ್ ಬಟ್ಟೆಯಲ್ಲಿ ಅಮ್ಮ ಅದರ ಮೆತ್ತೆಗೆ ಕವರ್ ಹೊಲಿದುಕೊಟ್ಟಿದ್ದಾರೆ. ಡಾಂಗಲ್ ಸಿಪಿಯು ಹಿಂದುಗಡೆ ಚುಚ್ಚಿಕೊಂಡು ಆರಾಮಾಗಿದೆ, ಒಂದು ದಿನ ತಂಟೆ ಮಾಡಿದ್ದಿಲ್ಲ. ಭಾವ ಈಗಲೂ ಊರಿಗೆ ಹೊರಡುವ ಮೊದಲು ಫೋನ್ ಮಾಡಿ ಎಂತ ತರಬೇಕು ಅಂತ ಕೇಳುತ್ತಾರೆ. ಕೇಳಿದ ಕೂಡಲೇ ಅವರೇ ಸೇರಿಸುತ್ತಾರೆ, "ಬಾಲ ಇಲ್ಲದ್ದು ಹೇಳು."